ಟ್ಯೂಬಿನ ಮೇಲೆ ಹಿಂಡಾಗಿ ಹತ್ತುವ ಬ್ಯಾಕ್ಟೀರಿಯಾ

ಹಾಸಿಗೆ ಹಿಡಿದ ಹಿರಿಯರಿಗೆ ಮೂತ್ರದ ಟ್ಯೂಬ್ (ಕ್ಯಾಥೆಟರ್) ಹಾಕಿರುವ ಮನೆಗಳಲ್ಲಿ ಈ ತೊಂದರೆ ಹೊಸದಲ್ಲ. ನಿನ್ನೆಯವರೆಗೆ ಸರಾಗವಾಗಿ ಹರಿಯುತ್ತಿದ್ದ ಮೂತ್ರ ಇಂದು ನಿಂತುಬಿಡುತ್ತದೆ. ಆಸ್ಪತ್ರೆಯಲ್ಲಿ ಟ್ಯೂಬ್ ಬದಲಿಸುವಾಗ ನೋಡಿದರೆ ಒಳಗೆ ಸುಣ್ಣದಂತಹ ಗಟ್ಟಿ ಪದರ. ಇದಕ್ಕೆ ಹೆಚ್ಚಾಗಿ ಕಾರಣವಾಗುವುದು ಪ್ರೋಟಿಯಸ್ ಮಿರಾಬಿಲಿಸ್ ಎಂಬ ಬ್ಯಾಕ್ಟೀರಿಯಾ.

ಇದು ನಮ್ಮ ಕರುಳಿನಲ್ಲೂ ಮಣ್ಣಿನಲ್ಲೂ ಇರುವ ಜೀವಿ. 1885ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಗುಸ್ತಾವ್ ಹೌಸರ್, ಬೇಕೆಂದಾಗ ರೂಪ ಬದಲಿಸುವ ಗ್ರೀಕ್ ಪುರಾಣದ ಪಾತ್ರದ ಹೆಸರನ್ನೇ ಇದಕ್ಕಿಟ್ಟರು. ಒಪ್ಪುವ ಹೆಸರು. ದ್ರವದಲ್ಲಿರುವಾಗ ಇದು ಒಂದೆರಡು ಮೈಕ್ರೊಮೀಟರ್ ಉದ್ದದ ಪುಟ್ಟ ಕಡ್ಡಿ, ಒಂಟಿಯಾಗಿಯೇ ಈಜುತ್ತದೆ. ಗಟ್ಟಿ ಮೇಲ್ಮೈ ತಗುಲಿದೊಡನೆ ಸ್ವಭಾವವೇ ಬದಲಾಗುತ್ತದೆ. ಇಬ್ಭಾಗವಾಗುವುದನ್ನು ನಿಲ್ಲಿಸಿ 20ರಿಂದ 80 ಮೈಕ್ರೊಮೀಟರ್‌ವರೆಗೂ ಉದ್ದವಾಗುತ್ತದೆ. ಮೈಯೆಲ್ಲ ಚಾವಟಿಯಂತಹ ಎಳೆಗಳು ಮೂಡುತ್ತವೆ.

ಆದರೂ ಒಣ ಮೇಲ್ಮೈ ಮೇಲೆ ಒಂಟಿ ಕಡ್ಡಿಗೆ ಮುಂದೆ ಸಾಗುವುದು ಕಷ್ಟ. ಅಕ್ಕಪಕ್ಕ ಒತ್ತಿಕೊಂಡು ತೆಪ್ಪ ಕಟ್ಟಿದಂತೆ ಸೇರಿದಾಗಲೇ ಅವು ಚಲಿಸುವುದು. ಇವಕ್ಕೆ ನಾಯಕನಿಲ್ಲ, ಆಜ್ಞೆಯೂ ಇಲ್ಲ. ಉದ್ದನೆಯ ಕಡ್ಡಿಗಳು ಒಂದಕ್ಕೊಂದು ತಾಗಿದಾಗ ತಾವಾಗಿ ಒಂದೇ ದಿಕ್ಕಿಗೆ ಹೊರಳುತ್ತವೆ. ಗುಂಪು ತನ್ನ ಸುತ್ತ ತೆಳುವಾದ ತೇವವನ್ನು ಉಳಿಸಿಕೊಳ್ಳುತ್ತದೆ. ಕೆಲವು ಗಂಟೆ ಸಾಗಿ, ನಿಂತು, ಮತ್ತೆ ಚಿಕ್ಕದಾಗಿ ಸಂಖ್ಯೆ ಹೆಚ್ಚಿಸಿಕೊಂಡು, ಪುನಃ ಹೊರಡುತ್ತದೆ. ಹಾಗಾಗಿ ಪ್ರಯೋಗಾಲಯದ ತಟ್ಟೆಯಲ್ಲಿ ಕೊಳಕ್ಕೆ ಕಲ್ಲೆಸೆದಂತೆ ಉಂಗುರಗಳು ಕಾಣುತ್ತವೆ. ನೋಡಲು ಚೆಂದವೇ, ತಟ್ಟೆಯಲ್ಲಿದ್ದರೆ!

ಟ್ಯೂಬಿನ ಮೇಲೆಯೂ ಹೀಗೆಯೇ ಹತ್ತಿ ಮೂತ್ರಕೋಶ ಸೇರುತ್ತವೆ. ಅಲ್ಲಿ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೂತ್ರ ಕ್ಷಾರೀಯವಾಗಿ, ಅದರಲ್ಲಿ ಕರಗಿದ್ದ ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಲವಣಗಳು ಹರಳುಗಟ್ಟಿ ಟ್ಯೂಬನ್ನು ಮುಚ್ಚುತ್ತವೆ. ಮೂತ್ರ ಹಿಂದಕ್ಕೆ ಒತ್ತಿ ಸೋಂಕು ಮೂತ್ರಪಿಂಡಕ್ಕೂ, ರಕ್ತಕ್ಕೂ ಹರಡಬಹುದು.

ಆದ್ದರಿಂದ ಆರೈಕೆ ಮಾಡುವವರು ಟ್ಯೂಬ್ ಮುಟ್ಟುವ ಮೊದಲೂ ನಂತರವೂ ಸೋಪು ಹಾಕಿ ಕೈ ತೊಳೆಯಬೇಕು. ಟ್ಯೂಬ್ ಹೊರಬರುವ ಜಾಗವನ್ನು ದಿನವೂ ಸೋಪು ನೀರಿನಿಂದ ಶುಚಿಗೊಳಿಸಿ. ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಖಾಲಿ ಮಾಡುವಾಗ ಅದರ ನಳ ಪಾತ್ರೆಗೆ ಮುಟ್ಟಬಾರದು. ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಲೂಬಾರದು. ಟ್ಯೂಬ್ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ವೈದ್ಯರನ್ನು ಕೇಳಲು ಸಂಕೋಚ ಬೇಡ. ಮೂತ್ರ ನಿಂತರೆ, ಟ್ಯೂಬಿನ ಪಕ್ಕದಿಂದ ಸೋರಿದರೆ, ಕಿಬ್ಬೊಟ್ಟೆ ಉಬ್ಬಿ ನೋವಾದರೆ ಅಥವಾ ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.