ಡುಷೆನ್ ಸ್ನಾಯುಕ್ಷಯ: ಔಷಧಿಯ ಸುರಕ್ಷತೆಯ ಮೇಲೆ ನಿಗಾ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಡುಷೆನ್ ಸ್ನಾಯುಕ್ಷಯವು ಗಂಡುಮಕ್ಕಳಲ್ಲಿ ಹುಟ್ಟಿನಿಂದಲೇ ಇರುವ ವಿರಳ ಕಾಯಿಲೆ. ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಮೂರರಿಂದ ಐದು ವರ್ಷದೊಳಗೆ ಮಗು ಪದೇ ಪದೇ ಬೀಳುವುದು, ನೆಲದಿಂದ ಏಳುವಾಗ ತೊಡೆಗೆ ಕೈಯೂರುವುದು ಕಾಣಿಸುತ್ತದೆ. ಸ್ನಾಯುಗಳ ಬಲವನ್ನು ಕೆಲವು ವರ್ಷ ಹೆಚ್ಚು ಉಳಿಸಲು ವೈದ್ಯರು ಪ್ರೆಡ್ನಿಸೋಲೋನ್ ಅಥವಾ ಡಿಫ್ಲಜಾಕಾರ್ಟ್ ಎಂಬ ಸ್ಟೀರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ನೀಡುತ್ತಾರೆ.

ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬಾರದೇಕೆ?
ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಅನ್ನು ಮೂತ್ರಪಿಂಡದ ಮೇಲಿರುವ ಗ್ರಂಥಿ ತಯಾರಿಸುತ್ತದೆ. ಹೊರಗಿನಿಂದ ದಿನವೂ ದೊರೆತಾಗ ಆ ಗ್ರಂಥಿ ತನ್ನ ಕೆಲಸವನ್ನು ತಗ್ಗಿಸುತ್ತದೆ. ಮಾತ್ರೆ ತೀರಿತೆಂದೋ, ಮಗುವಿನ ಮುಖ ಊದಿತೆಂದೋ ಒಮ್ಮೆಲೇ ನಿಲ್ಲಿಸಿದರೆ ವಾಂತಿ, ತೀವ್ರ ನಿತ್ರಾಣ, ರಕ್ತದೊತ್ತಡ ಕುಸಿತ ಉಂಟಾಗಿ ಪ್ರಾಣಾಪಾಯವಾಗಬಹುದು. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಇದೇ ಅಪಾಯವಿರುವುದರಿಂದ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾವುದನ್ನು ಗಮನಿಸಬೇಕು?
ಕುಡಿಯುವ ನೀರಿನ ಮಾದರಿಯನ್ನು ನಿಯತವಾಗಿ ಪರೀಕ್ಷಿಸಿ ದಾಖಲಿಸುವಂತೆಯೇ ಇಲ್ಲಿಯೂ ದಾಖಲೆ ಮುಖ್ಯ.
1. ತೂಕ, ಎತ್ತರ, ರಕ್ತದೊತ್ತಡ, ರಕ್ತದ ಸಕ್ಕರೆ.
2. ಬೆನ್ನುನೋವು: ಮೂಳೆ ಸವೆದು ಬೆನ್ನುಮೂಳೆ ಮುರಿದಿರುವ ಸೂಚನೆಯಾಗಬಹುದು.
3. ಕಣ್ಣಿನ ಪೊರೆ, ವರ್ಷಕ್ಕೊಮ್ಮೆ ಹೃದಯದ ತಪಾಸಣೆ.
4. ಜ್ವರ, ಸೀತಾಳೆ ಸಿಡುಬಿನ ಸಂಪರ್ಕ. ಲಸಿಕೆಗೆ ಮುನ್ನ ಸ್ಟೀರಾಯ್ಡ್ ಸೇವನೆಯನ್ನು ತಿಳಿಸಬೇಕು.
5. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ಕಾಯಿಲೆಯ ಹೆಸರನ್ನು ಹೇಳಬೇಕು. ಕೆಲವು ಅರಿವಳಿಕೆ ಔಷಧಿಗಳು ಇಂತಹ ಮಕ್ಕಳಿಗೆ ಮಾರಕ.

ಅಡ್ಡಪರಿಣಾಮ ಕಂಡಲ್ಲಿ ಮೊದಲು ವೈದ್ಯರಿಗೆ ತಿಳಿಸಬೇಕು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024ಕ್ಕೆ ರೋಗಿಯ ಮನೆಯವರೂ ವರದಿ ಮಾಡಬಹುದು. ಅನುಮಾನವಿದ್ದರೆ ಸಾಕು, ಸಾಬೀತುಪಡಿಸಬೇಕಿಲ್ಲ.

ಪಂಚಾಯಿತಿಯ ಪಾತ್ರ
ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಿಂದ ತಜ್ಞರ ತಪಾಸಣೆಗೆ ಗದಗ, ಹುಬ್ಬಳ್ಳಿ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಾಗುತ್ತದೆ. ಒಂದು ದಿನದ ಕೂಲಿ ಮತ್ತು ಬಸ್ ಖರ್ಚಿಗೆ ಹೆದರಿ ತಪಾಸಣೆ ತಪ್ಪುವುದುಂಟು; ಮಾತ್ರೆ ತೀರುವುದೂ ಉಂಟು. ಆದ್ದರಿಂದ ಆಶಾ ಕಾರ್ಯಕರ್ತೆಯು ತಿಂಗಳಿಗೊಮ್ಮೆ ಮನೆಗೆ ಹೋಗಿ, ಉಳಿದ ಮಾತ್ರೆಗಳನ್ನು ಎಣಿಸಿ, ಮುಗಿಯುವ ಮುನ್ನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವಂತೆ ಸದಸ್ಯರು ನೋಡಿಕೊಳ್ಳಬೇಕು. ಸ್ನಾಯುಕ್ಷಯವು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧದ ಅಂಗವೈಕಲ್ಯಗಳಲ್ಲಿ ಒಂದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಯುಡಿಐಡಿ ಚೀಟಿ ಕೊಡಿಸಿ, ಅಂಗವಿಕಲರಿಗೆ ಮೀಸಲಾದ ಶೇ. 5ರ ನಿಧಿಯಿಂದ ನಿಯಮಾನುಸಾರ ನೆರವನ್ನು ಪರಿಶೀಲಿಸಬಹುದು. ಮಗುವಿನ ಹೆಸರನ್ನಾಗಲಿ, ಕಾಯಿಲೆಯನ್ನಾಗಲಿ ಗ್ರಾಮ ಸಭೆಯಲ್ಲಿ ಓದತಕ್ಕದ್ದಲ್ಲ.

ಚರ್ಚೆಗೆ:
1. ಮಾತ್ರೆ ಇನ್ನು ನಾಲ್ಕು ದಿನಕ್ಕೆ ಮಾತ್ರ ಇದೆಯೆಂದು ತಾಯಿ ತಿಳಿಸಿದರೆ ಸದಸ್ಯರು ಮೊದಲು ಯಾರನ್ನು ಸಂಪರ್ಕಿಸಬೇಕು?
2. ನಿಮ್ಮ ವಾರ್ಡಿನಲ್ಲಿ ಪದೇ ಪದೇ ಬೀಳುವ ಮಗುವಿದ್ದರೆ ಅಂಗನವಾಡಿ ಕಾರ್ಯಕರ್ತೆಯು ಅದನ್ನು ಗುರುತಿಸಿರುವರೇ?