ಕಾಣದ ಅಂಗಡಿಯ ಪರೀಕ್ಷೆ

ಮಧುಗಿರಿಯ ಸಂತೆಯಲ್ಲಿ ರಾಗಿ ಕೊಳ್ಳುವವನು ಮೊದಲು ಚೀಲದೊಳಗೆ ಕೈಯಿಟ್ಟು, ಒಂದು ಹಿಡಿ ಕಾಳನ್ನು ಅಂಗೈ ಮೇಲೆ ಹರಡಿ ನೋಡುತ್ತಾನೆ. ಕಲ್ಲಿದೆಯೇ, ಮಣ್ಣಿದೆಯೇ, ಹೊಸದೇ, ಹಳೆಯದೇ ಎಂಬುದನ್ನು ಅವನ ಬೆರಳುಗಳೇ ತಿಳಿಸುತ್ತವೆ. ಬೆಲೆ ಹೆಚ್ಚೆನಿಸಿದರೆ ಚೌಕಾಸಿ ಮಾಡುತ್ತಾನೆ. ಮನಸ್ಸಿಗೆ ಬಾರದಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತಾನೆ. ಈ ಪರೀಕ್ಷೆಯನ್ನು ಅವನಿಗೆ ಯಾವ ಶಾಲೆಯೂ ಕಲಿಸಿಲ್ಲ.

ಅಂತರ್ಜಾಲದ ಅಂಗಡಿಯಲ್ಲಿ ಕೈಯಿಡಲು ಚೀಲವಿಲ್ಲ. ಕೇಳಲು ಎದುರಿಗೆ ಅಂಗಡಿಯವನಿಲ್ಲ. ಅಂಗೈಯಗಲದ ಪರದೆಯೇ ಅಲ್ಲಿ ಸರಕು, ಅದೇ ತಕ್ಕಡಿ, ಅದೇ ವರ್ತಕ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಸರಕು ಕೈಸೇರಿದ ಮೇಲೆ ಹಣ ಕೊಡುವ ಏರ್ಪಾಟನ್ನು ತಂದಿತು. ಅದೂ ಅಮೆಜಾನ್ ಸಂಸ್ಥೆಯೂ ತಮ್ಮ ಪುಟಗಳನ್ನು ಕನ್ನಡದಲ್ಲಿ ಒದಗಿಸಿದ್ದು 2020ರಲ್ಲಿ. ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿದ ಅಂಗಡಿಗೂ ಕನ್ನಡದ ಮಾತು ಬರಲು ಹದಿಮೂರು ವರ್ಷ ಹಿಡಿಯಿತು!

ಒಂದು ಸಾಧನವು ಬಳಸುವವನಿಗೆ ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಬಳಕೆಯೋಗ್ಯತೆ ಎನ್ನುವರು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಮಾನಕವೊಂದು ಇದಕ್ಕೆ ಮೂರು ಅಳತೆಗಳನ್ನು ಹೇಳುತ್ತದೆ: ಹಿಡಿದ ಕೆಲಸ ಕೈಗೂಡಿತೇ, ಅದಕ್ಕೆ ತಗುಲಿದ ಕಾಲ ಮತ್ತು ಶ್ರಮ ಎಷ್ಟು, ಬಳಸಿದವನಿಗೆ ಸಮಾಧಾನವಾಯಿತೇ. ಇಂಥ ಜನ, ಇಂಥ ಕೆಲಸ, ಇಂಥ ಸನ್ನಿವೇಶ ಎಂದು ಗೊತ್ತುಪಡಿಸದಿದ್ದರೆ ಈ ಅಳತೆಗಳಿಗೆ ಅರ್ಥವಿಲ್ಲ. ನಗರದ ತರುಣನಿಗೆ ನೀರು ಕುಡಿದಷ್ಟು ಸುಲಭವಾದ ಪುಟವು ಪಾವಗಡ ಸೀಮೆಯ ಕಡಲೆಕಾಯಿ ಬೆಳೆಯುವ ವೃದ್ಧೆಗೆ ಕಗ್ಗಂಟಾಗಬಹುದು.

ಆ ವೃದ್ಧೆಯು ಬೆಳೆಗೆ ಔಷಧಿ ಹೊಡೆಯುವ ಪಂಪೊಂದನ್ನು ಕೊಳ್ಳಬಯಸಿದಳೆಂದು ಭಾವಿಸಬಹುದು. ಪರೀಕ್ಷಕನು ಅವಳ ಕೈಗೆ ಫೋನನ್ನು ಕೊಟ್ಟು, ಎರಡು ಸಾವಿರ ರೂಪಾಯಿಗೆ ಮೀರದ ಪಂಪನ್ನು ಹುಡುಕಲು ಹೇಳಿ, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಬೇಕು. ಮನಸ್ಸಿಗೆ ತೋರಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗುವಂತೆ ಅವಳನ್ನು ಮೊದಲೇ ಕೇಳಿಕೊಂಡಿರಬೇಕು. ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂದಕ್ಕೆ ಸರಿಯಿತು, ಯಾವ ಪದದ ಮುಂದೆ ಹುಬ್ಬು ಗಂಟಿಕ್ಕಿತು—ಇವೇ ಅವನ ಟಿಪ್ಪಣಿಗಳು. ಸುಮ್ಮನಿರುವುದು ನೋಡಲು ಸುಲಭ. ಮಾಡಲು ಬಹು ಕಷ್ಟ. “ಅಜ್ಜಿ, ಅಲ್ಲಲ್ಲ, ಇಲ್ಲಿ ಒತ್ತು” ಎಂದು ಮೊಮ್ಮಗ ಬೆರಳು ಚಾಚಿದನೆಂದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. “ನಾನು ಓದಿದವಳಲ್ಲಪ್ಪ, ನನಗೇನು ತಿಳಿದೀತು?” ಎಂದು ಅವಳು ಫೋನನ್ನು ಹಿಂದಿರುಗಿಸಿದರೆ, ಆ ತಪ್ಪನ್ನು ಪುಟದ ಲೆಕ್ಕಕ್ಕೆ ಬರೆಯಬೇಕೇ ಹೊರತು ಅವಳ ಲೆಕ್ಕಕ್ಕಲ್ಲ.

ಇಂಥ ಐವರನ್ನು ಗಮನಿಸಿದರೆ ಬಹುಪಾಲು ತೊಡಕುಗಳು ಬಯಲಾಗುತ್ತವೆಂದು ಡೆನ್ಮಾರ್ಕ್ ಮೂಲದ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದನು. ಬಳಸುವವರಲ್ಲಿ ಬೇರೆ ಬೇರೆ ಬಗೆಯವರಿದ್ದರೆ ಪ್ರತಿಯೊಂದು ಬಗೆಯವರನ್ನೂ ನೋಡಬೇಕೆಂಬುದನ್ನು ಅವನು ಮರೆಯಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳು ಒಂದೇ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದರೂ, ಆಂಧ್ರದ ಗಡಿಯಲ್ಲಿರುವ ಪಾವಗಡದ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಪುಟವನ್ನು ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕೊಳ್ಳುವ ಗುಂಡಿಯ ಮೇಲೆ ‘ಆದೇಶ’ ಎಂದು ಬರೆದಿದ್ದರೆ, ಆ ಪದವನ್ನು ಸರ್ಕಾರದ ಕಾಗದದಲ್ಲಿ ಮಾತ್ರ ಕಂಡವರು ಬೆರಳು ಹಿಂದೆಗೆಯುವುದು ಸಹಜವೇ.

ವಿಳಾಸದ ಪುಟವಂತೂ ಬೇರೆಯೇ ಒಂದು ಪ್ರಪಂಚ. ಫ್ಲ್ಯಾಟಿನ ಸಂಖ್ಯೆ, ರಸ್ತೆಯ ಹೆಸರು ತುಂಬದಿದ್ದರೆ ಮುಂದಕ್ಕೆ ಬಿಡುವುದಿಲ್ಲವೆಂದು ಪುಟವು ಹಟ ಹಿಡಿದರೆ, ಮಾರಮ್ಮನ ಗುಡಿಯ ಹಿಂದಿನ ಮನೆಯವರು ಏನು ಬರೆಯಬೇಕು? 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ಇಲ್ಲಿ ನೆರವಿಗೆ ಬರುತ್ತದೆ. ಆದರೆ ಅದರಲ್ಲಿಯೂ ಒಂದು ಸೂಕ್ಷ್ಮವುಂಟು: ಮಧುಗಿರಿಯದು 572132, ಶಿರಾದ್ದು 572137, ಕೊರಟಗೆರೆಯದು 572129, ಪಾವಗಡದ್ದು ಮಾತ್ರ 561202. ತುಮಕೂರು ಜಿಲ್ಲೆಯೆಂದರೆ 572 ಎಂದು ನಂಬಿ ಪುಟವನ್ನು ರಚಿಸಿದವನು ಪಾವಗಡದವರನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಡುತ್ತಾನೆ.

ಸುಲಭವಾಗಿರುವುದೆಲ್ಲ ಪ್ರಾಮಾಣಿಕವಾಗಿರುತ್ತದೆಂದು ತಿಳಿಯಲಾಗದು. ಕೇಳದ ವಿಮೆಯೊಂದು ಬುಟ್ಟಿಗೆ ತಾನೇ ಸೇರಿಕೊಳ್ಳಬಹುದು. “ಒಂದೇ ಒಂದು ಉಳಿದಿದೆ” ಎಂಬ ಸುಳ್ಳು ಅವಸರಪಡಿಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಇಂಥ ಹದಿಮೂರು ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಮೊದಲೇ ಗುರುತು ಹಾಕಿಟ್ಟ ಚೌಕದಿಂದ ಗ್ರಾಹಕನ ಒಪ್ಪಿಗೆ ಪಡೆದಂತೆ ದಾಖಲಿಸಬಾರದೆಂದು 2020ರ ನಿಯಮಗಳೇ ವಿಧಿಸಿದ್ದವು. ಕೂಲಿಯ ಹಣ ಎಣಿಸಿ ಇಟ್ಟವಳಿಗೆ ಇಪ್ಪತ್ತು ರೂಪಾಯಿಯೂ ಸಣ್ಣ ಮೊತ್ತವಲ್ಲ. ಆದುದರಿಂದ ಪರೀಕ್ಷಕನು ಆರಂಭದ ಬೆಲೆಯನ್ನೂ ಕೊನೆಯ ಬೆಲೆಯನ್ನೂ ಬರೆದುಕೊಂಡು ತಾಳೆ ನೋಡಬೇಕು.

ಪಂಪು ಬಂದಿತು, ಒತ್ತಿದರೆ ನೀರು ಚಿಮ್ಮದೆ ಬುಡದಲ್ಲೇ ಸೋರುತ್ತದೆಂದು ಭಾವಿಸಬಹುದು. ನಿಜವಾದ ಪರೀಕ್ಷೆ ಈಗ ಆರಂಭವಾಗುತ್ತದೆ. ಕೊಳ್ಳುವ ಗುಂಡಿ ಬಣ್ಣ ಬಳಿದುಕೊಂಡು ಕಣ್ಣೆದುರಿಗೇ ನಿಂತಿತ್ತು. ಹಿಂದಿರುಗಿಸುವ ಗುಂಡಿ ಎಲ್ಲಿದೆ? ಕುಂದುಕೊರತೆಯ ಅಧಿಕಾರಿ ದೂರು ತಲುಪಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ನಿಯಮವಿದೆ. ಅವನ ಹೆಸರು ಪುಟದ ಯಾವ ಮೂಲೆಯಲ್ಲಿದೆ? ಅದೂ ಸಿಗದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ವೃದ್ಧೆಯ ಕೈಗೆ ಮತ್ತೆ ಫೋನು ಕೊಟ್ಟು, ಗಡಿಯಾರ ನೋಡಿಕೊಂಡು, ಪರೀಕ್ಷಕನು ಮೊದಲಿನಂತೆಯೇ ಬಾಯಿ ಮುಚ್ಚಿ ಕುಳಿತುಕೊಳ್ಳಬೇಕು.