ಕಾಂಕ್ರೀಟಿನಲ್ಲಿ ಹೊಟ್ಟಿನ ಬೂದಿಯ ಉಪಯೋಗ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳಲ್ಲಿ ಕಟ್ಟಡದ ಕಲ್ಲಿಗೆ ಕೊರತೆಯಿಲ್ಲ. ಬಾದಾಮಿಯ ಮರಳುಗಲ್ಲೂ ಇಳಕಲ್ಲಿನ ಕೆಂಪು ಗ್ರಾನೈಟೂ ಪ್ರಸಿದ್ಧವಾಗಿರುತ್ತವೆ. ಆದರೆ ಕಣ, ಗೋದಲಿ, ಹೊಲಗಾಲುವೆ ಮೊದಲಾದವುಗಳಿಗೆ ಬೇಕಾಗುವ ಸಿಮೆಂಟನ್ನು ಹಣ ಕೊಟ್ಟೇ ತರಬೇಕು. ಮೇಲಾಗಿ ಸುಣ್ಣಗಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗ ಇಂಗಾಲಾಮ್ಲ ವಾಯುವು ವಿಪುಲವಾಗಿ ಹೊರಬೀಳುತ್ತದೆ. ಆದುದರಿಂದ ಸಿಮೆಂಟಿನ ಒಂದಂಶದ ಬದಲಾಗಿ ಒಕ್ಕಲುತನದ ನಿರುಪಯೋಗಿ ಪದಾರ್ಥವನ್ನು ಬಳಸುವ ಕ್ರಮವನ್ನು ಅರಿತಿರುವುದು ಹಿತಕರ.

ಯಾವುದು ನಿರುಪಯೋಗಿ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಜೋಳದ ಕಣಿಕೆಯು ದನಗಳ ಆಹಾರ. ಹುನಗುಂದದ ಎರೆಹೊಲಗಳಲ್ಲಿ ಬರಗಾಲದ ವರ್ಷ ಅದಕ್ಕಿಂತ ಬೆಲೆಯುಳ್ಳದ್ದು ಮತ್ತೊಂದಿಲ್ಲ. ಕಬ್ಬಿನ ರವದಿಯು ಹೊಲಕ್ಕೆ ಹೊದಿಕೆಯೂ ಗೊಬ್ಬರವೂ ಆಗುತ್ತದೆ. ಇವುಗಳನ್ನು ಬೂದಿಗಾಗಿ ಸುಡುವುದು ಲಾಭವಲ್ಲ, ನಷ್ಟ. ಅಲ್ಲದೆ ಇಂಥ ಬೂದಿಯಲ್ಲಿ ಪೊಟ್ಯಾಷ್ ಕ್ಷಾರವು ಹೆಚ್ಚಾಗಿರುವುದರಿಂದ ಅದು ಕಾಂಕ್ರೀಟಿಗೆ ಯೋಗ್ಯವಲ್ಲ. ಅಕ್ಕಿಯ ಗಿರಣಿಗಳಲ್ಲಿಯೂ ಸಕ್ಕರೆ ಕಾರಖಾನೆಗಳಲ್ಲಿಯೂ ಉರುವಲಾಗಿ ಈಗಾಗಲೇ ಉರಿದುಹೋದ ಭತ್ತದ ಹೊಟ್ಟಿನ ಹಾಗೂ ಕಬ್ಬಿನ ಸಿಪ್ಪೆಯ ಬೂದಿಯೇ ಇಲ್ಲಿ ಗ್ರಾಹ್ಯವಾದುದು.

ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ೮೫ರಿಂದ ೯೫ ಪಾಲು ಸಿಲಿಕಾ ಇರುತ್ತದೆ. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣವು ಬಿಡುಗಡೆಯಾಗುವುದು. ಈ ಸಿಲಿಕಾ ಆ ಸುಣ್ಣವನ್ನು ಹಿಡಿದು ಹೊಸ ಬಂಧಕವಾಗಿ ಪರಿಣಮಿಸುತ್ತದೆ. ಹಿಂದಿನ ಗೌಂಡಿಗಳು ಸುಣ್ಣದ ಗಚ್ಚಿನಲ್ಲಿ ಇಟ್ಟಿಗೆಯ ಪುಡಿಯನ್ನು ಅರೆದು ಬೆರೆಸುತ್ತಿದ್ದುದೂ ಇದೇ ತತ್ತ್ವದ ಮೇಲೆ. ಆದರೆ ಸುಮಾರು ೭೦೦ ಡಿಗ್ರಿ ಸೆಲ್ಸಿಯಸ್‌ಗೆ ಮೀರಿದ ಉರಿಯಲ್ಲಿ ಬೆಂದ ಬೂದಿಯ ಸಿಲಿಕಾ ಹರಳುಗಟ್ಟಿ ಈ ಗುಣವನ್ನು ಕಳೆದುಕೊಳ್ಳುವುದು. ಕಪ್ಪು ಬೂದಿಯಲ್ಲಿ ಇದ್ದಲು ಉಳಿದಿರುವುದರಿಂದ ಅದು ನೀರನ್ನು ಹೀರಿ ಬಲವನ್ನು ಕುಂದಿಸುತ್ತದೆ.

ಉಪಯೋಗಿಸುವ ಕ್ರಮವು ಹೀಗಿದೆ. ಬೂದಿಯನ್ನು ಒಣಗಿಸಿ, ಜರಡಿ ಹಿಡಿದು, ಸಿಮೆಂಟಿನಷ್ಟು ನುಣ್ಣಗೆ ಬೀಸಬೇಕು. ೫೦ ಕಿಲೋ ಸಿಮೆಂಟಿನ ಸ್ಥಾನದಲ್ಲಿ ೪೫ ಕಿಲೋ ಸಿಮೆಂಟು, ೫ ಕಿಲೋ ಬೂದಿ ಸೇರಿಸಿ ಒಣದಾಗಿಯೇ ಚೆನ್ನಾಗಿ ಬೆರೆಸಿ, ಅನಂತರ ಉಸುಕು, ಖಡಿ, ನೀರು ಕೂಡಿಸತಕ್ಕದ್ದು. ೧೦೦೦ ಕಿಲೋ ಭತ್ತದಿಂದ ಸುಮಾರು ೨೦೦ ಕಿಲೋ ಹೊಟ್ಟು, ಅದರಿಂದ ಸುಮಾರು ೪೦ ಕಿಲೋ ಬೂದಿ ದೊರೆಯುವುದು. ಅಷ್ಟರಲ್ಲಿ ಎಂಟು ಚೀಲಗಳ ಕೆಲಸವಾಗುತ್ತದೆ. ಈ ಕಾಂಕ್ರೀಟು ನಿಧಾನವಾಗಿ ಬಲಗೊಳ್ಳುವುದರಿಂದ ೧೪ ದಿನ ಬಿಡದೆ ತೇವವಾಗಿರಿಸಬೇಕು. ಈ ಭಾಗದ ಬೇಸಿಗೆಯಲ್ಲಿ ಇದನ್ನು ಮರೆತವನಿಗೆ ಬಿರುಕೇ ಫಲ.

ಎರಡು ಎಚ್ಚರಿಕೆಗಳು ಅವಶ್ಯ. ಪೊಝೊಲಾನಾ ಎಂದು ಚೀಲದ ಮೇಲೆ ಮುದ್ರಿತವಾದ ಸಿಮೆಂಟಿನಲ್ಲಿ ಕಾರಖಾನೆಯವರೇ ಕಲ್ಲಿದ್ದಲಿನ ಹಾರುಬೂದಿ ಮೊದಲಾದುದನ್ನು ಕೂಡಿಸಿರುತ್ತಾರೆ. ಅದಕ್ಕೆ ಮತ್ತೆ ಬೂದಿ ಬೆರೆಸಕೂಡದು. ಎರಡನೆಯದಾಗಿ, ಭಾರತೀಯ ಮಾನಕ ೪೫೬ (೨೦೦೦) ಹೊಟ್ಟಿನ ಬೂದಿಗೆ ಸಮ್ಮತಿಯಿತ್ತಿದ್ದರೂ, ಅದು ಬೇಕಾದ ಗುಣವುಳ್ಳದ್ದೂ ಏಕರೂಪದ್ದೂ ಆಗಿರಬೇಕೆಂದು ವಿಧಿಸುತ್ತದೆ. ಆದುದರಿಂದ ಮಾಳಿಗೆ, ತೊಲೆ, ನೀರಿನ ತೊಟ್ಟಿಗಳಿಗೆ ಇಂಜಿನಿಯರರ ಒಪ್ಪಿಗೆಯಿಲ್ಲದೆ ಬಳಸಬಾರದು. ಕಣದ ನೆಲ, ದನದ ಕೊಟ್ಟಿಗೆಯ ನೆಲ, ಕಾಲುದಾರಿ ಇವುಗಳಿಂದ ಆರಂಭಿಸುವುದು ಲೇಸು.

ಬೂದಿ ಹಾಕಿದ್ದೊಂದು, ಹಾಕದ್ದೊಂದು ಎಂದು ಅಚ್ಚುಗಳನ್ನು ಮಾಡಿ, ೨೮ ದಿನಗಳ ತರುವಾಯ ಪರೀಕ್ಷಾಲಯದಲ್ಲಿ ಅವುಗಳ ಬಲವನ್ನು ಹೋಲಿಸಿ ನೋಡತಕ್ಕದ್ದು. ಗ್ರಾಮದ ಮುಖಂಡರೂ ಜಮೀನುದಾರರೂ ಊರಿಗೊಂದು ಕಣದ ನೆಲವನ್ನು ಈ ಕ್ರಮದಿಂದ ಮಾಡಿಸಿ ತೋರಿಸಿದರೆ, ಉಳಿದ ರೈತರು ಕಣ್ಣಾರೆ ಕಂಡು ಅನುಸರಿಸುವರು.